ಕಾರಿಗೆ ಕೆರೆ ನೀರು

ಅಣ್ಣಿಗೇರಿಯಲ್ಲಿ ಗದಗ ರಸ್ತೆಯ ಬಾಜು ಒಂದು ತಗಡಿನ ಶೆಡ್ಡಿತ್ತು. ಅದರ ಮುಂದೆ ಬೋರ್ಡು ಇರಲಿಲ್ಲ. ಕಾರಿನವರು, ಜೀಪಿನವರು, ಟ್ರ್ಯಾಕ್ಟರಿನವರು ತಾವೇ ಹುಡುಕಿಕೊಂಡು ಬರುತ್ತಿದ್ದರು. ಒಳಗಿದ್ದ ಮನುಷ್ಯ ಬಂದವರ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತೆಗೆದು, ಒಳಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಉಪ್ಪುಪ್ಪಾಗಿ ಸವುಳು ಹತ್ತಿದರೆ ಪಕ್ಕಕ್ಕೆ ಉಗುಳಿ, “ಮೊದಲ ಇದನ್ನ ಚೆಲ್ಲೂಣ್ರಿ” ಅನ್ನುತ್ತಿದ್ದ. ಚೆಲ್ಲಲು ಒಪ್ಪದವರ ಗಾಡಿಗೆ ಅವನು ಕೈ ಹಚ್ಚುತ್ತಿರಲಿಲ್ಲ. ಜನ ಅವನನ್ನು ಹುಚ್ಚ ಅಂದಾನೆಪ್ಪ ಎಂದು ಕರೆಯುತ್ತಿದ್ದದ್ದು ಇದಕ್ಕೇ.

ನಾನೂ ಹಾಗೇ ಕರೆಯುತ್ತಿದ್ದೆ. ಬರೀ ಹುಚ್ಚ ಅಂದರೆ ಸಮಾಧಾನವಾಗದೆ ಕೊಲೆಗಾರ ಅಂತಲೂ ಸೇರಿಸುತ್ತಿದ್ದೆ. ಸಂತೆಯಲ್ಲಿ ಅಂದಿದ್ದೇನೆ, ಬಸ್ಸಿನಲ್ಲಿ ಅಂದಿದ್ದೇನೆ, ಅವನಿಗೆ ಕೇಳಿಸಲಿ ಎಂದು ಅವನ ಶೆಡ್ಡಿನ ಮುಂದೆಯೇ ನಿಂತು ಅಂದಿದ್ದೇನೆ. ಏಳು ವರ್ಷ ಅಂದೆ. ನನ್ನ ಹೆಂಡತಿ ಮಲ್ಲಕ್ಕ ಸತ್ತದ್ದು ಅವನು ರಿಪೇರಿ ಮಾಡಿದ ಕಾರಿನಲ್ಲಿ.

ನಮ್ಮೂರ ನೀರಿನ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಅಣ್ಣಿಗೇರಿಯಿಂದ ಶಲವಡಿಗೆ ಹೋಗುವ ಹಾದಿಯಲ್ಲಿ ನಮ್ಮೂರು. ಕರಿ ಮಣ್ಣಿನ ಸೀಮೆ. ಬಾವಿ ಎಲ್ಲಿ ತೋಡಿದರೂ ಸವುಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವುದಕ್ಕೆ ಇರುವುದು ಒಂದೇ ಕೆರೆ. ಅದಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ, ದನ ಬಿಡುವಂತಿಲ್ಲ, ಅರಿವೆ ಒಗೆಯುವಂತಿಲ್ಲ. ಬೇಸಿಗೆ ಹತ್ತಿರ ಬಂತೆಂದರೆ ಮನೆಗೊಂದು ದಿನದಂತೆ ಪಾಳಿ ಹಾಕಿ ಕಾವಲು ಕೂರುತ್ತಿದ್ದೆವು. ನಮ್ಮೂರಲ್ಲಿ ಅಂದಾನೆಪ್ಪ ಹುಟ್ಟಿದ ಓಣಿಯವರಿಗೆ ಇನ್ನೊಂದು ಕಟ್ಟಳೆ. ಅವರು ದಂಡೆಯ ಮೇಲೆ ಕೊಡ ಇಟ್ಟು ನಿಲ್ಲಬೇಕು, ಇಳಿದವರು ಯಾರಾದರೂ ತುಂಬಿ ಸುರಿಯಬೇಕು. ಸರಕಾರದ ಕಾಯಿದೆ ಬೇರೆಯೇ ಹೇಳುತ್ತಿತ್ತು. ಆ ಕಾಯಿದೆಯನ್ನು ನಮ್ಮೂರ ಕೆರೆಗೆ ಯಾರೂ ಓದಿ ಹೇಳಿರಲಿಲ್ಲ.

ಕಾವಲಿನಲ್ಲಿ ನನ್ನದು ದೊಡ್ಡ ಹೆಸರು. ಕುರಿ ಕಾಯುವ ಮನೆತನದವನು ನಾನು, ಇಡೀ ದಿನ ಬಿಸಿಲಲ್ಲಿ ಕೂರುವುದು ನನಗೇನೂ ಹೊಸದಲ್ಲ. ಮೇಲಾಗಿ ನನ್ನ ನಾಲಿಗೆ ಚೂಪು. ಹೆಚ್ಚಿಗೆ ನೀರು ಕೇಳಿದವರನ್ನು ಒಂದು ಮಾತಿನಲ್ಲಿ ಓಡಿಸುತ್ತಿದ್ದೆ. ಬಸವಣ್ಣೆಪ್ಪನ ಪಾಳಿ ಅಂದರೆ ನಗುವುದಕ್ಕೆಂದೇ ನಾಲ್ಕು ಮಂದಿ ಬಂದು ಕೂರುತ್ತಿದ್ದರು.

ಅಂದಾನೆಪ್ಪ ಹುಟ್ಟಿದ್ದು ನಮ್ಮೂರಲ್ಲೇ. ಚಿಕ್ಕವನಿದ್ದಾಗ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಸೇರಿ ನಟ್ಟು ತೊಳೆಯುತ್ತ ಕೆಲಸ ಕಲಿತು, ಮೀಸೆ ನರೆಯುವ ಹೊತ್ತಿಗೆ ಅಣ್ಣಿಗೇರಿಯಲ್ಲಿ ಆ ಶೆಡ್ಡು ಹಾಕಿದ. ನಮ್ಮೂರ ಕಾಳಿನ ಸಾವುಕಾರ ಒಂದು ಹಳೆಯ ಅಂಬಾಸಡರ್ ಇಟ್ಟಿದ್ದ. ಅದು ಕೆಟ್ಟಾಗಲೆಲ್ಲ ಅಂದಾನೆಪ್ಪ ಸೈಕಲ್ಲು ತುಳಿದುಕೊಂಡು ಬರುತ್ತಿದ್ದ. ಎಂಬತ್ತನೆಯ ಇಸವಿಯ ಶಿವರಾತ್ರಿಯ ಆಸುಪಾಸು ಅದರ ರೇಡಿಯೇಟರ್ ಸೋರಲು ಶುರುವಾಯಿತು. ನಮ್ಮ ಕಡೆ ಅದಕ್ಕೊಂದು ದಿಢೀರ್ ಮದ್ದಿತ್ತು, ಅರಿಶಿಣ ಪುಡಿ. ಒಂದು ಮುಷ್ಟಿ ಒಳಗೆ ಸುರಿದರೆ ಅದು ಉಬ್ಬಿ, ತೂತಿನಲ್ಲಿ ಕೂತು ಸೋರುವುದನ್ನು ನಿಲ್ಲಿಸುತ್ತದೆ. ಅಂದಾನೆಪ್ಪ ಅರಿಶಿಣ ಹಾಕಿ ಹೋದ.

ಮಲ್ಲಕ್ಕನಿಗೆ ಬೇನೆ ಹತ್ತಿದ್ದು ಆ ವರ್ಷದ ಮೇ ತಿಂಗಳಲ್ಲಿ. ಮಗು ಅಡ್ಡ ಇದೆ, ಹುಬ್ಬಳ್ಳಿಗೇ ಒಯ್ಯಬೇಕು ಎಂದು ಸೂಲಗಿತ್ತಿ ಕೈ ಚೆಲ್ಲಿದಳು. ಸಾವುಕಾರ ಕಾರು ಕೊಟ್ಟ. ಅವನ ಡ್ರೈವರ್ ಸಿರಾಜುದ್ದೀನ ಓಡಿಸಿದ. ಅಣ್ಣಿಗೇರಿ ದಾಟಿ ನಾಲ್ಕೈದು ಮೈಲಿ ಹೋಗಿರಬೇಕು. ನೆತ್ತಿಯ ಮೇಲೆ ಸೂರ್ಯ, ಸುತ್ತ ಒಂದು ಗಿಡವಿಲ್ಲ. ಕಾರಿನ ಮೂಗಿನೊಳಗೆ ಕೊತಕೊತ ಕುದಿಯುವ ಸದ್ದು ಎದ್ದಿತು, ಕಾರು ನಿಂತಿತು.

ಸಿರಾಜುದ್ದೀನ ಗೋಣಿ ತಟ್ಟು ಸುತ್ತಿದ ಕೈಯಿಂದ ಮುಚ್ಚಳ ತಿರುವಿದ. ಹಳದಿ ನೀರು ಆಳೆತ್ತರ ಚಿಮ್ಮಿ ಬಾನೆಟ್ಟಿನ ಮೇಲೆ, ಗಾಜಿನ ಮೇಲೆ, ಬಾಗಿಲ ಕಿಂಡಿಯಿಂದ ಒಳಗೆ ಮಲ್ಲಕ್ಕನ ಸೀರೆಯ ಮೇಲೆ ಬಿತ್ತು. ಅರಿಶಿಣ ಬೆಂದ ವಾಸನೆ. ನಮ್ಮ ಮದುವೆಯಲ್ಲಿ ಅವಳ ಮೈಯಿಂದ ಬಂದ ವಾಸನೆ ಅದೇ. ಸುತ್ತ ಎಲ್ಲೂ ನೀರಿಲ್ಲ. ಅವಳಿಗೆ ಕುಡಿಯಲೆಂದು ಒಯ್ದಿದ್ದ ಒಂದು ಕೊಡಪಾನ ಕೆರೆ ನೀರಿತ್ತು. ಅದನ್ನು ಹಾಕಿದರೆ ಹುಬ್ಬಳ್ಳಿ ಮುಟ್ಟಬಹುದು ಎಂದ ಸಿರಾಜುದ್ದೀನ. ನಾನೇ ಎತ್ತಿ ಕೊಟ್ಟೆ. ಇಂಜಿನ್ ತುಸು ಆರಿದ ಮೇಲೆ ಸುರಿದ. ಕಾರು ನಾಲ್ಕು ಮಾರು ಹೋಯಿತು. ಮತ್ತೆ ಅದೇ ಸದ್ದು, ಮತ್ತೆ ಅದೇ ಹಳದಿ ಹೊಗೆ. ಆ ನೀರೂ ಆವಿಯಾಯಿತು.

ಆಮೇಲೆ ಮಲ್ಲಕ್ಕ ನೀರು ಕೇಳಿದಳು. ಮೂರು ಸಲ ಕೇಳಿದಳು. ಕೊಡಪಾನ ಬೋರಲು ಹಾಕಿ ಅವಳ ತುಟಿಗೆ ಹಿಡಿದೆ, ಒಂದು ಹನಿ ಬಿತ್ತೋ ಇಲ್ಲವೋ. ಸಿರಾಜುದ್ದೀನ ಎಲ್ಲಿಂದಲೋ ಒಂದು ಚಕ್ಕಡಿ ಹಿಡಿದುಕೊಂಡು ಬರುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ತಾಯಿಯೂ ಇರಲಿಲ್ಲ, ಹೊಟ್ಟೆಯ ಕೂಸೂ ಇರಲಿಲ್ಲ.

ಮಣ್ಣಿಗೆ ಅಂದಾನೆಪ್ಪನೂ ಬಂದಿದ್ದ, ದೂರ ನಿಂತಿದ್ದ. ನಾನು ಎದ್ದುಹೋಗಿ ಅವನ ಎದೆಗೆ ಒದ್ದೆ. ಬಿದ್ದವನು ಎದ್ದು, ಮೈಯ ಮಣ್ಣನ್ನೂ ಕೊಡವಿಕೊಳ್ಳದೆ ಹೋದ. ಅವನು ಒಂದು ಮಾತಾದರೂ ಎದುರಾಡಿದ್ದರೆ ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯುತ್ತಿತ್ತೇನೋ. ಆಡಲಿಲ್ಲ. ಅದನ್ನೇ ನಾನು ತಪ್ಪೊಪ್ಪಿಗೆ ಎಂದುಕೊಂಡೆ.

ಆ ಕಾರಿನಲ್ಲಿ ಆಮೇಲೆ ನಮ್ಮೂರವರು ಯಾರೂ ಕೂರಲಿಲ್ಲ. ಸಾವುಕಾರ ಒಬ್ಬನೇ ಅಷ್ಟಿಷ್ಟು ಓಡಾಡಿಸಿ, ಕಡೆಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿಬಿಟ್ಟ. ಹಿಂದಿನ ಸೀಟಿನ ಮೇಲೆ ಕೋಳಿಗಳು ತತ್ತಿ ಇಡುತ್ತಿದ್ದವು. ನನಗೆ ಅದನ್ನು ನೋಡುವುದು ಆಗುತ್ತಿರಲಿಲ್ಲ, ನೋಡದೆ ಇರುವುದೂ ಆಗುತ್ತಿರಲಿಲ್ಲ. ಎಂಬತ್ತೇಳರಲ್ಲಿ ಕುರಿ ಮಾರಿದ ದುಡ್ಡಿನಲ್ಲಿ ಅದೇ ಕಾರನ್ನು ಕೊಂಡುಬಿಟ್ಟೆ. ಬಾಡಿಗೆಗೆ ಬಿಡುತ್ತೇನೆ ಎಂದು ಊರಿಗೆ ಹೇಳಿದೆ. ಖರೇ ಹೇಳಬೇಕೆಂದರೆ, ಅವಳು ಕೊನೆಯುಸಿರು ಬಿಟ್ಟ ಜಾಗದ ಮೇಲೆ ಕೋಳಿ ಕೂರುವುದು ನನಗೆ ಬೇಡವಾಗಿತ್ತು. ಕಾರಿನ ಗೇರು ಬೆಣ್ಣೆಯ ಹಾಗೆ ಬೀಳುತ್ತವೆ, ಒಂದಿಷ್ಟೂ ಸದ್ದಿಲ್ಲ ಎಂದು ಸಾವುಕಾರ ತನ್ನ ಅಂಗಳದಲ್ಲೇ ಒಂದು ಸುತ್ತು ಓಡಿಸಿ ತೋರಿಸಿದ.

ನನ್ನ ಮನೆಯ ಮುಂದೆ ಅದು ಬಂದು ನಿಂತ ಎರಡನೆಯ ದಿನ, ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಂಗಳದಿಂದ ಕೊತಕೊತ ಸದ್ದು ಬಂತು. ಎದ್ದುಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟೆ. ನೆರಳಿನಲ್ಲಿದ್ದ ತಗಡು ತಣ್ಣಗಿತ್ತು. ಮುಚ್ಚಳ ತೆಗೆದೆ. ಇದ್ದ ನೀರೆಲ್ಲ ರಾತ್ರಿಯೇ ಸೋರಿಹೋಗಿ ಒಳಗೆ ಒಣಒಣ. ಮರುದಿನವೂ ಅದೇ ಹೊತ್ತಿಗೆ ಕುದಿಯಿತು. ನಾನು ದೆವ್ವ ಪಿಶಾಚಿ ಎಂದು ಓಡುವ ಪೈಕಿ ಅಲ್ಲ, ಹಾಳು ಗುಡಿಯಲ್ಲಿ ಕುರಿ ತರುಬಿ ಒಬ್ಬನೇ ಮಲಗಿದವನು. ಆದರೂ ಹೇಳುತ್ತೇನೆ, ಅದು ಕುದಿಯುತ್ತಿತ್ತು. ಕುದಿ ನಿಂತ ಮೇಲೆ ಮೂರು ಸಲ, ಬಹಳ ಸಣ್ಣಗೆ, ನೀರು ಕೇಳುವ ದನಿ. ಈಗ ಕಾರು ನನ್ನ ಹತ್ತಿರ ಇಲ್ಲ, ಮಾರಿ ಎಷ್ಟೋ ವರ್ಷವಾಯಿತು. ದನಿ ಹೋಗಿಲ್ಲ.

ಅದನ್ನು ಕೇಳಿದ ಮೇಲೆ ನನಗೆ ಒಂದೇ ಹಟ ಹಿಡಿಯಿತು. ಅಂದಾನೆಪ್ಪ ತನ್ನ ಬಾಯಿಂದ, ನನ್ನ ಮುಂದೆ, ನಿನ್ನ ಹೆಂಡತಿಯನ್ನು ಕೊಂದವನು ನಾನೇ ಎನ್ನಬೇಕು. ಅಷ್ಟು ಅಂದರೆ ಈ ಸದ್ದು ನಿಲ್ಲುತ್ತದೆ ಅನ್ನಿಸಿತು. ಕಾರಿಗೆ ಹೊಸ ನೀರು, ಹೊಸ ಗೇರೆಣ್ಣೆ ಹಾಕಿಸುವ ನೆಪ ಮಾಡಿದೆ. ಹುಬ್ಬಳ್ಳಿಗೆ ಹೋಗಿ ಅಂಗಡಿಯವನು ಕೊಟ್ಟದ್ದನ್ನು ತಂದೆ. ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟಿನ ಒಂದು ಸೀಸೆ, ನೂರಾನಲವತ್ತು ನಂಬರಿನ ಗೇರೆಣ್ಣೆಯ ಒಂದು ಡಬ್ಬಿ. ದಪ್ಪ ಇದ್ದಷ್ಟೂ ಚಲೋ, ನಿಮ್ಮ ಕಡೆ ಬಿಸಿಲು ಬಹಳ ಎಂದಿದ್ದ ಅವನು. ಜೋಡೆತ್ತು ಹೂಡಿ ಕಾರನ್ನು ಎಳೆಸಿಕೊಂಡು, ನಾನು ಸ್ಟೇರಿಂಗ್ ಹಿಡಿದು ಕೂತು ಅಣ್ಣಿಗೇರಿಗೆ ಹೋದೆ. ಎತ್ತುಗಳು ಎಳೆಯುವ ಕಾರನ್ನು ನೋಡಿ ದಾರಿಯುದ್ದಕ್ಕೂ ಜನ ನಕ್ಕರು.

ಅಂದಾನೆಪ್ಪ ನಗಲಿಲ್ಲ. ಕಾರಿನ ಗುರುತು ಹತ್ತಿದ ಕೂಡಲೇ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕೆಳಗಿಟ್ಟ. ಅವನಿಗೂ ಕೂದಲೆಲ್ಲ ಬೆಳ್ಳಗಾಗಿತ್ತು. ಶೆಡ್ಡಿನ ತಗಡಿನ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿ, ಕೆಳಗೆ ಮೂರು ಬ್ಯಾರಲ್ ಇಟ್ಟು, ಬಾಯಿಗೆ ಧೋತರದ ಅರಿವೆ ಬಿಗಿದಿದ್ದ. ಮಳೆ ನೀರು ಹಿಡಿಯುವ ವ್ಯವಸ್ಥೆ.

“ಏನ್ ಮಾಡಬೇಕ್ರಿ?” ಅಂದ. ಏಳು ವರ್ಷದ ಮೇಲೆ ಅದೇ ಮೊದಲ ಮಾತು.

“ನೀರು ಬದಲಿ ಮಾಡು, ಗೇರೆಣ್ಣಿ ಬದಲಿ ಮಾಡು. ಸಾಮಾನು ತಂದೀನಿ.”

ಅವನು ಕಾರಿನ ಕೆಳಗೆ ತೂರಿ ಗೇರ್‌ಬಾಕ್ಸಿನ ನಟ್ಟು ಬಿಚ್ಚಿದ. ಕಪ್ಪು ಗಂಜಿಯಂಥದ್ದು ತಗಡಿನ ಬುಟ್ಟಿಗೆ ಇಳಿಯಿತು. ಎರಡು ಬೆರಳಿನ ನಡುವೆ ತಿಕ್ಕಿ, ಮೂಸಿ, ಬಿಸಿಲಿಗೆ ಹಿಡಿದು ನನಗೆ ತೋರಿಸಿದ. ಎಣ್ಣೆಯೊಳಗೆ ಕಟ್ಟಿಗೆಯ ಹೊಟ್ಟು, ಹಿತ್ತಾಳೆಯ ಮಿನುಗುವ ಪುಡಿ.

“ಕಟಗಿ ಹೊಟ್ಟು ಹಾಕ್ಯಾರ್ರಿ. ಹಲ್ಲು ಸವದ್ರ ಗೇರು ಒದರತಾವ. ಒದರೂದು ಚಲೋ, ಒಳಗ ಏನ್ ಆಗೇತಿ ಅಂತ ಗೊತ್ತಾಗತೈತಿ. ಮಾರೂಮುಂದ ಹೊಟ್ಟು ಹಾಕಿ ಬಾಯಿ ಮುಚ್ಚಸ್ತಾರ. ಸುಮ್ಮನಿರತಾವ, ಒಳಗೊಳಗ ಸವೀತಾವ.”

ಆಮೇಲೆ ನನ್ನ ಡಬ್ಬಿಯ ಮೇಲಿನ ನಂಬರು ನೋಡಿ ತಲೆಯಾಡಿಸಿದ. “ಇದು ಲಾರೀಗೆ ಸೈ. ಈ ಕಾರಿನ ಗೇರಿಗೆ ತೊಂಬತ್ತು ನಂಬರ ಹಾಕಬೇಕು. ದಪ್ಪ ಎಣ್ಣಿ ಸಣ್ಣ ಸಂದ್ಯಾಗ ಇಳಿಯಂಗಿಲ್ರಿ. ತುಂಬೇತಿ ಅಂತ ನಾವು ತಿಳಕೊಂಡಿರತೀವಿ, ಒಳಗಿನ ಬುಷ್ ಒಣಗಿ ಸಾಯತಾವ.”

ಹಸಿರು ಸೀಸೆಯನ್ನು ಎತ್ತಿ ಅಲ್ಲಾಡಿಸಿದ. “ಇದು ಚಲೋ ಐತ್ರಿ. ಆದ್ರ ಇದಕ್ಕ ಅರ್ಧ ನೀರು ಕೂಡಸಬೇಕು. ಕೂಡಸೋ ನೀರ ಸವುಳಿತ್ತಂದ್ರ ಈ ಸೀಸಾ ಏನ್ ಮಾಡೀತು?”

ಅವನು ನೀರಿನ ಮಾತು ತೆಗೆದದ್ದೇ ನನ್ನ ರಕ್ತ ಕುದಿಯಿತು. ಅವನು ರೇಡಿಯೇಟರಿನ ಕೆಳಗಿನ ಪೈಪು ಎಳೆದ. ನೀರು ಬರಲಿಲ್ಲ. ಒಂದು ಸಲಾಕೆ ತೂರಿಸಿ ಕೆರೆದ. ಬಿಳಿ ಸುಣ್ಣದಂಥ ಪೊರೆ, ಅದಕ್ಕೆ ಅಂಟಿಕೊಂಡ ಹಳದಿ ಹೆಂಟೆಗಳು ಬುಳುಬುಳು ಉದುರಿದವು. ಒದ್ದೆ ಕೈ ತಾಗಿದ್ದಕ್ಕೋ ಏನೋ, ವಾಸನೆ ಎದ್ದಿತು. ಏಳು ವರ್ಷದ ಹಿಂದಿನ ಅರಿಶಿಣ.

ಅವನ ಅಂಗಿಯ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು. ಯಾವಾಗ ಹಿಡಿದೆನೋ ಗೊತ್ತಿಲ್ಲ. “ಯಾಕ ಹಾಕಿದಿಲೇ ಇದನ್ನ? ಹೇಳು. ಆಕಿನ್ನ ಕೊಂದಾಂವ ನಾನ ಅಂತ ಬಾಯಿ ಬಿಟ್ಟು ಹೇಳು.”

“ಹಾಕಿದ್ದು ನಾನರಿ. ತಪ್ಪ ನಂದರಿ” ಅಂದ. ನಾನು ಏಳು ವರ್ಷ ಕಾದ ಮಾತು ಅದು. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಮಾತು ಬಂತು, ಒಳಗೆ ಏನೂ ಇಳಿಯಲಿಲ್ಲ. ಮತ್ತೆ ಹೇಳು ಎಂದು ಅವನನ್ನು ಅಲುಗಾಡಿಸಿದೆ.

ಆಗ ಶೆಡ್ಡಿನ ಹಿಂದಿನಿಂದ ಅವನ ಹೆಂಡತಿ ರಾಮವ್ವ ಬಂದಳು. ಬ್ಯಾರಲ್ಲಿನ ನೀರು ತುಂಬಿದ ಕೊಡ ಅವಳ ಸೊಂಟದ ಮೇಲಿತ್ತು.

“ತಪ್ಪ ನಂದು, ತಪ್ಪ ನಂದು! ಎಷ್ಟ ಸರ್ತಿ ಹೇಳತಿ ನೀ?” ಎಂದು ಗಂಡನ ಮೇಲೆ ಹರಿಹಾಯ್ದಳು. “ಉಳಿದದ್ದೂ ಹೇಳು. ಅರಿಶಿಣ ಹಾಕಿದ ದಿವಸ ಎರಡು ಡಬ್ಬಿ ಹಿಡಕೊಂಡು ಕೆರಿ ದಂಡಿ ಮ್ಯಾಲ ನಿಂತಿದ್ದು ಹೇಳು. ಸವುಳು ನೀರು ಬ್ಯಾಡ, ಕೆರಿ ನೀರು ಸುರೀರಿ ಅಂತ ಕೈ ಮುಗದಿದ್ದು ಹೇಳು. ಅವತ್ತ ಕಾವಲಿಗೆ ಯಾರ ಕುಂತಿದ್ರು, ಅದನ್ನೂ ಹೇಳು.”

“ಏ, ಸುಮ್ಮನಿರಬೇ” ಅಂದ ಅಂದಾನೆಪ್ಪ.

ನೆನಪು ನಿಧಾನಕ್ಕೆ ಬರಲಿಲ್ಲ, ಒಮ್ಮೆಲೇ ಬಂತು. ಅವತ್ತು ಪಾಳಿ ನನ್ನದು. ಹುಣಸೆ ಗಿಡದ ಬುಡದಲ್ಲಿ ಚೌಕಾಬಾರ ಹಾಕಿಕೊಂಡು ಕೂತಿದ್ದೆವು. ನನ್ನ ಆಟ ಗೆಲ್ಲುವ ಹಂತದಲ್ಲಿತ್ತು. ದಂಡೆಯ ಮೇಲಿಂದ ಅಂದಾನೆಪ್ಪ ಎರಡು ಸಲ ಕೂಗಿದ. ಸಾವುಕಾರರ ಕಾರಿಗೆ ಎರಡು ಡಬ್ಬಿ ನೀರು, ಬಾವಿಯ ನೀರು ಹಾಕಿದರೆ ಒಳಗೆ ಪೊರೆ ಕಟ್ಟುತ್ತದೆ ಎಂದ. ನಾನು ಕವಡೆ ಎಸೆಯುತ್ತಲೇ ಕೂಗಿದ್ದೆ: “ಕಾರಿಗೆ ಕೆರಿ ನೀರ? ಇವತ್ತ ನೀರ ಕೇಳತೈತಿ, ನಾಳೆ ಮಜ್ಜಿಗಿ ಕೇಳತೈತಿ, ನಾಡದು ಎಲಿ ಅಡಕಿ ಕೇಳತೈತಿ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ದಂಡೆಯ ಮೇಲೆ ಅಂದಾನೆಪ್ಪನೂ ನಕ್ಕ. ನಗದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಸವುಳು ಬಾವಿಯ ಕಡೆ ಹೋದ. ಆ ಮಾತನ್ನು ನಾನು ಆ ವಾರವಿಡೀ ಕಂಡಕಂಡವರಿಗೆ ಹೇಳಿ ನಗಿಸಿದ್ದೆ. ಮನೆಯಲ್ಲಿ ಮಲ್ಲಕ್ಕನಿಗೂ ಹೇಳಿದ್ದೆ. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕೊರಳಪಟ್ಟಿ ಬಿಟ್ಟೆ. ಕಾರಿನ ಬಂಪರಿನ ಮೇಲೆ ಕೂತೆ.

“ನೀ ಯಾಕ ಹೇಳಲಿಲ್ಲ?” ಅಂದೆ.

“ಏನಂತ ಹೇಳ್ಲಿರಿ? ಹೆಣದ ಮುಂದ ಕುಂತಿದ್ರಿ. ನನ್ನ ಬೈದ್ರ ನಿಮಗ ಜೀವಾ ಒಂಚೂರು ಹಗರ ಆಗತೈತಿ ಅನಸ್ತು. ನನಗೂ ಪೂರಾ ಖಾತ್ರಿ ಇಲ್ರಿ. ಅರಿಶಿಣ ವಾರದ ಮಾತು, ಹುಬ್ಬಳ್ಳಿಗೆ ಒಯ್ದು ಬೆಸಿಗಿ ಹಾಕಸ್ರಿ ಅಂತ ಸಾವುಕಾರಗ ಹೇಳಿದ್ದೆ, ಹಾಕಸಲಿಲ್ಲ. ಸವುಳು ನೀರಿನ ಪೊರಿ ಅರಿಶಿಣಕ್ಕ ಹತ್ತಿ ಕಲ್ಲಾತು. ನನ್ನ ಅರಿಶಿಣದಿಂದ ನಿಂತ್ತೋ, ನೀರಿನಿಂದ ನಿಂತ್ತೋ ಕಾರು ಹೇಳಂಗಿಲ್ರಿ.” ಕೆಳಗೆ ಉದುರಿದ್ದ ಹಳದಿ ಹೆಂಟೆಯನ್ನು ಕಾಲಿನಿಂದ ಸರಿಸಿ, “ನನಗೂ ಮಧ್ಯಾಹ್ನ ಆತಂದ್ರ ಅದು ಕುದಿಯೂ ಸಪ್ಪಳ ಕೇಳತೈತ್ರಿ” ಅಂದ.

ಆ ಸದ್ದಿನ ಬಗ್ಗೆ ನಾನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

“ಅವತ್ತಿಂದ ಇವರು ಯಾರನ್ನೂ ನೀರು ಬೇಡಿಲ್ಲ” ಎಂದಳು ರಾಮವ್ವ. “ತಗಡಿನ ಮ್ಯಾಲ ಬಿದ್ದಿದ್ದನ್ನ ಹನಿ ಹನಿ ಹಿಡದು ಊರ ಮಂದಿ ಗಾಡಿಗೆ ಹಾಕತಾರ. ಈ ಕಾರಿಗೆ ಮಾತ್ರ ಈ ನೀರು ನಾ ಮುಟ್ಟಗೊಡಂಗಿಲ್ಲ. ನಿಮ್ಮೂರಾಗ ಕೆರಿ ಐತಲ್ಲ, ತರ್ರಿ.”

ಅಂದಾನೆಪ್ಪ ಅವಳನ್ನು ಗದರಿದ. ಅವಳು ಹೇಳಿದ್ದು ಸರಿಯಾಗಿತ್ತು. ನಾನು ಕೊಡದ ನೀರನ್ನು ಕೊನೆಗೂ ಆ ಕಾರು ನನ್ನ ಕೈಯಿಂದಲೇ ಇಸಿದುಕೊಂಡಿತ್ತು, ಮಲ್ಲಕ್ಕನ ಬಾಯಿಗೆ ಹೋಗಬೇಕಾದ ಕೊಡಪಾನದಿಂದ. ಈ ಲೆಕ್ಕ ನನಗೆ ಅವತ್ತು ಹೊಳೆಯಿತು, ಅವತ್ತಿನಿಂದ ಒಂದು ದಿನವೂ ಬಿಟ್ಟಿಲ್ಲ.

“ನಾ ತರತೀನ್ರಿ ಯವ್ವಾ” ಅಂದೆ. ಆ ಓಣಿಯವರಿಗೆ ನನ್ನ ಬಾಯಿಂದ ಬಹುವಚನ ಬಂದದ್ದು ಅದೇ ಮೊದಲು. ಅಂದಾನೆಪ್ಪ ಎರಡು ಖಾಲಿ ಡಬ್ಬಿಗಳನ್ನು ಮಳೆ ನೀರಿನಿಂದಲೇ ಎರಡೆರಡು ಸಲ ಗಲಬರಿಸಿ ನನ್ನ ಕೈಗೆ ಕೊಟ್ಟ.

ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದು ಊರಿಗೆ ಬಂದೆ. ಇಳಿದವನು ಮನೆಗೆ ಹೋಗಲಿಲ್ಲ, ನೇರ ಕೆರೆಗೆ ಹೋದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಅದೇ ಹುಣಸೆ ಗಿಡದ ಬುಡದಲ್ಲಿ ನನ್ನ ತಮ್ಮನ ವಾರಿಗೆಯ ಹೊಳೆಯಪ್ಪ ಕಾವಲು ಕೂತಿದ್ದ, ಇನ್ನೂ ಮೂರು ಜನ ಚೌಕಾಬಾರ ಹಾಕಿಕೊಂಡು ಸುತ್ತ ಇದ್ದರು. ನಾನು ಕೆಳಗೆ ಇಳಿಯಲಿಲ್ಲ. ಕಾಲು ಮುಂದೆ ಹೋಗಲಿಲ್ಲ ಅನ್ನುವುದೇ ಸರಿ. ದಂಡೆಯ ಮೇಲೆ ಡಬ್ಬಿ ಇಟ್ಟು ನಿಂತು ಕೂಗಿದೆ.

“ಹೊಳೆಯಪ್ಪಾ, ಎರಡು ಡಬ್ಬಿ ನೀರು ಬೇಕಾಗಿತ್ತು. ಕಾರಿಗೆ.”

ಅವನು ಆಟದಿಂದ ತಲೆ ಎತ್ತದೆಯೇ ಕೂಗಿದ. “ಕಾರಿಗೆ ಕೆರಿ ನೀರ? ಇವತ್ತ ನೀರ ಕೇಳತೈತಿ, ನಾಳೆ ಮಜ್ಜಿಗಿ ಕೇಳತೈತಿ, ನಾಡದು ಎಲಿ ಅಡಕಿ ಕೇಳತೈತಿ!”

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ದಂಡೆಯ ಮೇಲೆ ನಾನೂ ನಕ್ಕೆ. ನಗುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ನಗು ಬಾಯಿಗೆ ಬಂದಾಗಿತ್ತು.

“ಯಾರ ಕಲಿಸಿದ ಮಾತೋ ಅದು?” ಅಂದೆ.

ಆಗ ತಲೆ ಎತ್ತಿ ನೋಡಿ, ಗುರುತು ಹಿಡಿದು ಹೊಳೆಯಪ್ಪ ಎದ್ದು ನಿಂತ. “ಅಯ್ಯ, ನೀ ಏನೋ ಅಣ್ಣಾ! ನಿಂದ ಮಾತಲ್ಲೋ ಅದು, ಮರತಿ ಏನ? ಕಾವಲಿಗೆ ಕುಂತವರೆಲ್ಲ ಇವತ್ತಿಗೂ ಅದನ್ನ ಅಂತೀವಿ. ಅಲ್ಲ್ಯಾಕ ನಿಂತಿ? ನಮ್ಮಾಂವ ಕೇಳಿದ್ರ ಇಲ್ಲ ಅನ್ನಾಕ ಬರತೈತೇನು, ಇಳಿ, ತುಂಬಿಕೋ.”

ಚಪ್ಪಲಿ ಬಿಟ್ಟು ಇಳಿದೆ. ಎರಡು ಡಬ್ಬಿ ತುಂಬಲು ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ, ದಂಡೆಯ ಮೇಲೆ ನಿಂತು ತಿರುಗಿ ನೋಡಿದೆ. ಅಷ್ಟು ತೆಗೆದ ಮೇಲೂ ಕೆರೆಯ ನೀರಿನ ಮಟ್ಟ ಎಲ್ಲಿತ್ತೋ ಅಲ್ಲೇ ಇತ್ತು.